ತಂತಿ ತುಂಡಾದ ಕಡೆ ಕರೆಂಟ್ ಸೊನ್ನೆ. ಹಾಗಾದರೆ ಅಲ್ಲಿ ವೋಲ್ಟೇಜ್ ಎಲ್ಲಿಂದ ಬಂತು?

ಹೊಸಬೆಸುಗೆ
ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಾನಿಕ್ಸ್ ಈಗಷ್ಟೇ ಕಲಿಯುತ್ತಿದ್ದೇನೆ. ಬ್ರೆಡ್‌ಬೋರ್ಡ್ ಮೇಲೆ ಒಂದು 9 ವೋಲ್ಟ್ ಬ್ಯಾಟರಿ, 470 ಓಮ್ ರೆಸಿಸ್ಟರ್, ಒಂದು ಕೆಂಪು ಎಲ್‌ಇಡಿ. ಅಷ್ಟೇ ಇರುವುದು. ಎಲ್‌ಇಡಿ ಚೆನ್ನಾಗಿಯೇ ಉರಿಯುತ್ತದೆ.

ಆಮೇಲೆ ರೆಸಿಸ್ಟರ್ ಕಿತ್ತು ನೋಡಿದೆ. ಎಲ್‌ಇಡಿ ಆರಿತು. ಅದು ಅರ್ಥವಾಗುತ್ತದೆ. ಆದರೆ ರೆಸಿಸ್ಟರ್ ಇದ್ದ ಖಾಲಿ ಜಾಗದ ಎರಡು ತುದಿಗಳಿಗೆ ಮೀಟರ್ ಇಟ್ಟರೆ 7.7 ವೋಲ್ಟ್ ಬರುತ್ತಿದೆ! ಬ್ಯಾಟರಿಗೆ ನೇರವಾಗಿ ಇಟ್ಟರೆ 9.2.

ಓಮ್ ನಿಯಮ ಏನು ಹೇಳುತ್ತದೆ? ವಿ = ಐ × ಆರ್, ಅಂದರೆ ವೋಲ್ಟೇಜ್ = ಕರೆಂಟ್ × ರೋಧ (ರೆಸಿಸ್ಟೆನ್ಸ್). ತುಂಡಾದ ಕಡೆ ಐ ಸೊನ್ನೆ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆ ತಾನೇ? ಹಾಗಾದರೆ ವೋಲ್ಟೇಜ್ ಸೊನ್ನೆ ಬರಬೇಕಿತ್ತು. ಇಲ್ಲ, ಬ್ಯಾಟರಿಯ ವೋಲ್ಟೇಜ್ ಪೂರ್ತಿ ಅಲ್ಲಿ ಬರುತ್ತದೆ ಅನ್ನುವುದಾದರೆ 9.2 ಬರಬೇಕಿತ್ತು. ಈ 7.7 ಯಾವ ಲೆಕ್ಕ? ಅದೇ ಜಾಗದಲ್ಲಿ ಓಮ್ ಅಳತೆಗೆ ತಿರುಗಿಸಿದರೆ ಏನೇನೋ ಅಂಕಿ ಕುಣಿಯುತ್ತದೆ. ಮೀಟರ್ ಹೊಸದು. ಕೆಟ್ಟಿದೆಯಾ?

ಸುಮ್ನೆಓದುಗ
ಮೀಟರ್ ಹೊಸದು ಅಂದಮೇಲೆ ಮೊದಲು ಅನುಮಾನ ಬರುವುದೇ ಅದರ ಮೇಲೆ, ಪಾಪ.

ಸುಟ್ಟಫ್ಯೂಸ್
ಮೊದಲನೇ ಮಾತು. ಬ್ಯಾಟರಿ ಸಿಕ್ಕಿಸಿಕೊಂಡೇ ಓಮ್ ಅಳೆಯಬೇಡಿ. ಓಮ್ ಅಳತೆಯಲ್ಲಿ ಮೀಟರ್ ತಾನೇ ಒಂದು ಸಣ್ಣ ಕರೆಂಟ್ ಕಳಿಸಿ, ಎಷ್ಟು ವೋಲ್ಟೇಜ್ ಬಿತ್ತು ಅಂತ ನೋಡುತ್ತದೆ. ಹೊರಗಿನ ಬ್ಯಾಟರಿ ಮಧ್ಯೆ ಬಂದರೆ ಅದರ ಲೆಕ್ಕವೆಲ್ಲ ಕೆಡುತ್ತದೆ. ನಿಮ್ಮ ಅಂಕಿ ಕುಣಿಯುತ್ತಿರುವುದು ಅದಕ್ಕೇ. 9 ವೋಲ್ಟಿಗೆ ಏನೂ ಆಗಲಿಕ್ಕಿಲ್ಲ. ಮನೆಯ ಕರೆಂಟಿನಲ್ಲಿ ಹೀಗೆ ಮಾಡಿದರೆ ಮೀಟರ್ ಹೋಗುತ್ತದೆ, ಕೆಲವೊಮ್ಮೆ ಹಿಡಿದವರೂ ಹೋಗುತ್ತಾರೆ.

ಬ್ಯಾಟರಿ ತೆಗೆದು ಅಳೆಯಿರಿ. ಖಾಲಿ ಜಾಗಕ್ಕೆ ಓಎಲ್ ಅಂತ ಬರುತ್ತದೆ. ಹಳೇ ಡಿಜಿಟಲ್ ಮೀಟರಾದರೆ ಎಡಗಡೆ ಬರೀ 1 ಅಂತ ತೋರಿಸುತ್ತದೆ. ನನ್ನ ಅಳತೆಯ ಮಿತಿ ಮೀರಿದೆ ಅಂತ ಅದರ ಅರ್ಥ. ಅದನ್ನು 1 ಓಮ್ ಅಂತ ಓದಿಕೊಂಡು ಶಾರ್ಟ್ ಆಗಿದೆ ಅಂತ ಬೋರ್ಡನ್ನೇ ಬಿಚ್ಚಿದವರನ್ನು ನೋಡಿದ್ದೇನೆ.

ಲೆಕ್ಕದಮೇಷ್ಟ್ರು
ಪ್ರಶ್ನೆ ಚೆನ್ನಾಗಿದೆ. ಪಠ್ಯಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ತೆರೆದ ಮಂಡಲದಲ್ಲಿ, ಅಂದರೆ ಎಲ್ಲೋ ತುಂಡಾದ ಓಪನ್ ಸರ್ಕ್ಯೂಟಿನಲ್ಲಿ, ರೋಧ ಅನಂತ, ಪ್ರವಾಹ (ಕರೆಂಟ್) ಸೊನ್ನೆ. ಮುಗಿಯಿತು. ವೋಲ್ಟೇಜ್ ಎಷ್ಟು ಅನ್ನುವುದನ್ನು ಮಾತ್ರ ಬಿಟ್ಟುಬಿಡುತ್ತವೆ.

ನೀವು ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆ ಎಂದಿರಿ. ಯಾವ ಸಂಖ್ಯೆಯಿಂದ ಗುಣಿಸಿದರೂ ಸೊನ್ನೆ, ನಿಜ. ಆದರೆ ಅನಂತ ಒಂದು ಸಂಖ್ಯೆ ಅಲ್ಲ. ಸೊನ್ನೆ ಗುಣಿಸು ಅನಂತ ಅಂದರೆ ಉತ್ತರ ಏನು ಬೇಕಾದರೂ ಆಗಬಹುದು. 9 ಆಗಬಹುದು, 230 ಆಗಬಹುದು, ಸೊನ್ನೆಯೂ ಆಗಬಹುದು. ಅಂದರೆ ತುಂಡಾದ ಜಾಗದ ವೋಲ್ಟೇಜ್ ಎಷ್ಟು ಅನ್ನುವ ಪ್ರಶ್ನೆಗೆ ಓಮ್ ನಿಯಮದ ಹತ್ತಿರ ಉತ್ತರವೇ ಇಲ್ಲ. ಉತ್ತರ ಸಿಗುವುದು ಉಳಿದ ಸರ್ಕ್ಯೂಟಿನಿಂದ. ಅದಕ್ಕೆ ಕಿರ್ಚಾಫ್ ಬೇಕು. 1845ರಲ್ಲಿ ಅವರು ಹೇಳಿದ್ದು ಇಷ್ಟೇ: ಒಂದು ಸುತ್ತು ಪೂರ್ತಿ ಹಾಕಿದರೆ ಏರಿದ ವೋಲ್ಟೇಜೂ ಇಳಿದ ವೋಲ್ಟೇಜೂ ಸಮ.

ಸುಮ್ನೆಓದುಗ
ಮೇಷ್ಟ್ರೇ, ಮೊದಲ ಪುಟದಲ್ಲೇ ಅನಂತ ತಂದಿರಿ. ಹೊಸಬರು ಓಡಿಹೋಗುತ್ತಾರೆ.

ಓಮ್‌ಕಾರ
ಅನಂತ ಬೇಡದವರಿಗೆ ಇನ್ನೊಂದು ದಾರಿ ಇದೆ. ರೋಧವನ್ನು ಬಿಟ್ಟು ಅದರ ತಲೆಕೆಳಗನ್ನು ಹಿಡಿಯಿರಿ, ಅಂದರೆ 1 ಭಾಗಿಸು ಆರ್. ಅದಕ್ಕೆ ವಾಹಕತೆ ಅನ್ನುತ್ತಾರೆ, ಅಳೆಯುವುದು ಸೀಮೆನ್ಸ್‌ನಲ್ಲಿ. ತುಂಡಾದ ಜಾಗಕ್ಕೆ ವಾಹಕತೆ ಸೊನ್ನೆ. ಈಗ ಓಮ್ ನಿಯಮ ಹೀಗಾಗುತ್ತದೆ: ಕರೆಂಟ್ = ವಾಹಕತೆ × ವೋಲ್ಟೇಜ್. ವಾಹಕತೆ ಸೊನ್ನೆಯಾದರೆ ವೋಲ್ಟೇಜ್ ಎಷ್ಟೇ ಇರಲಿ, ಕರೆಂಟ್ ಸೊನ್ನೆ. ಎಲ್ಲೂ ಅಡ್ಡಿ ಇಲ್ಲ. ಎಷ್ಟೇ ಇರಲಿ ಅನ್ನುವುದನ್ನು ಗಮನಿಸಿ. ಎಷ್ಟು ಅಂತ ಅದು ಹೇಳುತ್ತಿಲ್ಲ.

ನಿಮ್ಮ ಸರ್ಕ್ಯೂಟಿಗೆ ಬರೋಣ. ರೆಸಿಸ್ಟರ್ ಇದ್ದಾಗ ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಳ್ಳುತ್ತದೆ. ಉಳಿದ 7.2 ರೆಸಿಸ್ಟರಿನ ಮೇಲೆ. 7.2 ಭಾಗಿಸು 470, ಸುಮಾರು 15 ಮಿಲಿಆಂಪ್ ಹರಿಯುತ್ತದೆ. ರೆಸಿಸ್ಟರ್ ಕಿತ್ತಾಗ ಕರೆಂಟ್ ನಿಂತಿತು. ಕರೆಂಟ್ ಇಲ್ಲದ ಮೇಲೆ ತಂತಿಗಳ ಮೇಲೆ ಏನೂ ಬೀಳುವುದಿಲ್ಲ, ಎಲ್‌ಇಡಿ ಮೇಲೂ ಹೆಚ್ಚುಕಡಿಮೆ ಏನೂ ಬೀಳುವುದಿಲ್ಲ. ಬ್ಯಾಟರಿಯ 9.2 ಎಲ್ಲಾದರೂ ಇರಲೇಬೇಕಲ್ಲ? ಇರುವ ಒಂದೇ ಜಾಗ ಆ ಖಾಲಿ ಜಾಗ.

ಹಾಗಾದರೆ 7.7 ಯಾಕೆ? ಅದಕ್ಕೆ ಕಾರಣ ನಿಮ್ಮ ಮೀಟರ್. ಕೆಟ್ಟಿಲ್ಲ, ಸರಿಯಾಗಿಯೇ ಇದೆ. ಆದರೆ ಮೀಟರ್ ಇಟ್ಟ ತಕ್ಷಣ ಅದು ಓಪನ್ ಸರ್ಕ್ಯೂಟ್ ಆಗಿ ಉಳಿಯುವುದಿಲ್ಲ.

ಮೈಕ್ರೋಆಂಪ್
ಓಮ್‌ಕಾರ ಅವರು ನನಗೆ ಸ್ವಲ್ಪ ಉಳಿಸಿದ್ದಾರೆ, ಥ್ಯಾಂಕ್ಸ್.

ಸಾಮಾನ್ಯ ಡಿಜಿಟಲ್ ಮೀಟರ್ ವೋಲ್ಟ್ ಅಳತೆಯಲ್ಲಿ ಸುಮಾರು 10 ಮೆಗಾ ಓಮ್ ರೆಸಿಸ್ಟರ್ ಇದ್ದ ಹಾಗೆ. ನೀವು 470 ಓಮ್ ಕಿತ್ತು ಅದರ ಜಾಗದಲ್ಲಿ 10 ಮೆಗಾ ಓಮ್ ಹಾಕಿದಿರಿ, ಅಷ್ಟೇ ಆಗಿದ್ದು. ಆ ದಾರಿಯಲ್ಲಿ 7.7 ಭಾಗಿಸು 10 ಮೆಗಾ, ಅಂದರೆ 0.77 ಮೈಕ್ರೋಆಂಪ್ ಹರಿಯುತ್ತಿದೆ. ಅದು ಎಲ್‌ಇಡಿ ಮೂಲಕವೇ ಹೋಗಬೇಕು, ಬೇರೆ ದಾರಿ ಇಲ್ಲ. ಎಲ್‌ಇಡಿ ರೆಸಿಸ್ಟರಿನ ಹಾಗಲ್ಲ. ಕರೆಂಟ್ ಇಪ್ಪತ್ತು ಸಾವಿರ ಪಾಲು ಇಳಿದರೂ ಅದರ ವೋಲ್ಟೇಜ್ 2ರಿಂದ ಒಂದೂವರೆಗೆ ಇಳಿಯಿತು, ಅಷ್ಟೇ. 9.2ರಲ್ಲಿ 1.5 ಕಳೆಯಿರಿ. 7.7.

ಬೇಕಿದ್ದರೆ ಪರೀಕ್ಷೆ ಮಾಡಿ. ಎಲ್‌ಇಡಿ ತೆಗೆದು ಅಲ್ಲಿ 1 ಕಿಲೋ ಓಮ್ ರೆಸಿಸ್ಟರ್ ಹಾಕಿ, ಖಾಲಿ ಜಾಗ ಹಾಗೇ ಬಿಡಿ. ಈಗ ಮೀಟರ್ 9.2 ತೋರಿಸಬೇಕು. 1 ಮೆಗಾ ಓಮ್ ಹಾಕಿದರೆ ಸುಮಾರು 8.4 ಬರಬೇಕು, ಯಾಕೆಂದರೆ 11 ಪಾಲಿನಲ್ಲಿ 10 ಪಾಲು ಮಾತ್ರ ಮೀಟರಿಗೆ ಸಿಗುತ್ತದೆ.

ಇನ್ನೊಂದು ಮಜಾ. ರೂಮಿನ ದೀಪ ಆರಿಸಿ, ಮೀಟರ್ ಇಟ್ಟಾಗ ಎಲ್‌ಇಡಿಯನ್ನು ಮೇಲಿನಿಂದ ನೋಡಿ. ಈಗಿನ ಒಳ್ಳೆ ಎಲ್‌ಇಡಿಗಳಾದರೆ ಒಂದು ಚೂರು ಮಿಣುಕು ಕಂಡರೂ ಕಾಣಬಹುದು.

ಹೊಸಬೆಸುಗೆ
ಅಯ್ಯೋ! ಅಳೆಯಲು ಹೋದರೆ ಅಳೆಯುವ ವಸ್ತುವೇ ಬದಲಾಗುತ್ತದಾ? ಇದನ್ನು ಯಾರೂ ಹೇಳಿರಲಿಲ್ಲ. 1 ಮೆಗಾ ಓಮ್ ಡಬ್ಬಿಯಲ್ಲಿ ಇದೆಯಾ ನೋಡುತ್ತೇನೆ. ಕಂದು, ಕಪ್ಪು, ಹಸಿರು ಅಲ್ವಾ?

ಸುಟ್ಟಫ್ಯೂಸ್
ಹೌದು. ಅಳೆಯುವಾಗ ಎರಡೂ ತುದಿಗಳನ್ನು ಬೆರಳಿನಿಂದ ಒತ್ತಿ ಹಿಡಿಯಬೇಡಿ. ನಿಮ್ಮ ಮೈಯ ರೋಧವೂ ಪಕ್ಕದಲ್ಲಿ ಸೇರಿಕೊಳ್ಳುತ್ತದೆ. ಒದ್ದೆ ಕೈ ಆದರೆ 1 ಮೆಗಾ ಓಮ್ ಅರ್ಧಕ್ಕಿಂತ ಕೆಳಗೆ ತೋರಿಸುತ್ತದೆ. 470 ಓಮ್‌ಗೆ ಇದರಿಂದ ಗೊತ್ತಾಗುವಷ್ಟು ವ್ಯತ್ಯಾಸ ಬರುವುದಿಲ್ಲ. ದೊಡ್ಡ ರೆಸಿಸ್ಟರುಗಳಲ್ಲಿ ಮಾತ್ರ ಬೆರಳು ಮೋಸ ಮಾಡುತ್ತದೆ.

ನಲ್ಲಿನೀರು
ನಾನು ನನ್ನ ಮಗಳಿಗೆ ಹೇಳಿಕೊಡುವಾಗ ನೀರಿನ ಪೈಪ್ ಹೋಲಿಕೆ ಬಳಸುತ್ತೇನೆ. ವೋಲ್ಟೇಜ್ ಅಂದರೆ ಒತ್ತಡ, ಕರೆಂಟ್ ಅಂದರೆ ಹರಿವು, ರೆಸಿಸ್ಟರ್ ಅಂದರೆ ಸಣ್ಣ ಪೈಪ್. ನಲ್ಲಿ ಮುಚ್ಚಿದರೆ ಹರಿವಿಲ್ಲ, ಒತ್ತಡ ಮಾತ್ರ ನಲ್ಲಿಯ ಹಿಂದೆ ಪೂರ್ತಿ ಇರುತ್ತದೆ. ಇಷ್ಟು ಸಾಕು, ಮೈಕ್ರೋಆಂಪ್ ಎಲ್ಲ ಯಾಕೆ?

ರಿಲೇರಾಣಿ
ನಿಮ್ಮ ಮಗಳು ಮುಂದಿನ ಪ್ರಶ್ನೆ ಕೇಳುವವರೆಗೆ ಸಾಕು. ಪೈಪ್ ಕತ್ತರಿಸಿದರೆ ನೀರು ಚೆಲ್ಲುತ್ತದೆ. ತಂತಿ ಕತ್ತರಿಸಿದರೆ ಕರೆಂಟ್ ಯಾಕೆ ಚೆಲ್ಲುವುದಿಲ್ಲ? ಇದೇ ಹೋಲಿಕೆ ಹಿಡಿದು, ಖಾಲಿ ಸಾಕೆಟ್ಟಿನಿಂದ ಕರೆಂಟ್ ಸೋರಿ ಬಿಲ್ ಜಾಸ್ತಿ ಬರುತ್ತದೆ ಅಂತ ನಂಬಿದವರಿದ್ದಾರೆ. ಮುಚ್ಚಿದ ನಲ್ಲಿಯೂ ತುಂಡಾದ ಪೈಪೂ ಬೇರೆ ಬೇರೆ. ತಂತಿಯ ವಿಷಯದಲ್ಲಿ ಎರಡೂ ಒಂದೇ.

ನಲ್ಲಿನೀರು
ಯಾವ ಹೋಲಿಕೆಯೂ ನೂರಕ್ಕೆ ನೂರು ಕೂಡುವುದಿಲ್ಲ. ಶುರು ಮಾಡಲು ಏನಾದರೂ ಬೇಕಲ್ಲ ಮೇಡಂ?

ರಿಲೇರಾಣಿ
ಬೇಕು, ಸರಿ. ಶುರು ಮಾಡಿ, ಬೇಗ ಬಿಟ್ಟುಬಿಡಿ.

ಲೆಕ್ಕದಮೇಷ್ಟ್ರು
ಚೆಲ್ಲುವುದಿಲ್ಲ ಅನ್ನುವುದಕ್ಕೆ ಕಾರಣ ಹೇಳಿಬಿಡುತ್ತೇನೆ. ತಂತಿ ತುಂಡಾದ ಕ್ಷಣದಲ್ಲಿ ತುದಿಗಳಲ್ಲಿ ಸ್ವಲ್ಪ ಚಾರ್ಜ್ ಸೇರಿಕೊಳ್ಳುತ್ತದೆ. ಒಂದು ಕಡೆ ಎಲೆಕ್ಟ್ರಾನ್ ಜಾಸ್ತಿ, ಇನ್ನೊಂದು ಕಡೆ ಕಡಿಮೆ. ಆ ಎರಡು ತುದಿಗಳ ನಡುವಿನ ವೋಲ್ಟೇಜ್ ಬ್ಯಾಟರಿಗೆ ಸಮ ಆಗುವವರೆಗೆ ಮಾತ್ರ ಇದು ನಡೆಯುತ್ತದೆ. ಆಮೇಲೆ ಬ್ಯಾಟರಿಯ ತಳ್ಳುವಿಕೆಗೂ ತುದಿಗಳ ಹಿಂತಳ್ಳುವಿಕೆಗೂ ಸರಿಹೋಗುತ್ತದೆ. ಎಲ್ಲ ನಿಲ್ಲುತ್ತದೆ. ಅಂದರೆ ಖಾಲಿ ಜಾಗವೂ ಚಾರ್ಜ್ ಹಿಡಿದಿಡುವ ಒಂದು ಪುಟಾಣಿ ಕೆಪಾಸಿಟರ್. ಬ್ರೆಡ್‌ಬೋರ್ಡಿನ ಅಕ್ಕಪಕ್ಕದ ಸಾಲುಗಳ ನಡುವೆ ಕೆಲವು ಪಿಕೋಫ್ಯಾರಡ್ ಇರುತ್ತದೆ. ಅದು ತುಂಬಲು ಬೇಕಾದ ಚಾರ್ಜ್ ಲೆಕ್ಕಕ್ಕೇ ಇಲ್ಲದಷ್ಟು ಸಣ್ಣದು.

ಹಾಗಾಗಿ ಅಲ್ಲಿ ಕಾಣುವ ವೋಲ್ಟೇಜ್ ಎಲ್ಲಿಂದಲೋ ಬಂದ ಭೂತ ಅಲ್ಲ. ಕರೆಂಟನ್ನು ತಡೆದು ನಿಲ್ಲಿಸಿರುವುದೇ ಅದು.

ಕುತೂಹಲಿ2
ನನ್ನದೊಂದು ಪ್ರಶ್ನೆ. ಒಂದರ ಹಿಂದೆ ಒಂದು ಎರಡು ಸ್ವಿಚ್ ಇವೆ. ಎರಡೂ ಆಫ್. ಮೇಲಿನ ಲೆಕ್ಕದ ಪ್ರಕಾರ ಒಂದು ಸ್ವಿಚ್ ಮೇಲೆ ಎಷ್ಟು ವೋಲ್ಟೇಜ್ ಬರಬೇಕು? ಅರ್ಧ ಅರ್ಧವಾ? ನಾನು ಅಳೆದರೆ ಎರಡರ ಮೇಲೂ ಸೊನ್ನೆ ಬರುತ್ತದೆ. ಎರಡೂ ಸೇರಿಸಿ ಅಳೆದರೆ 9!

ಓಮ್‌ಕಾರ
ಆಹಾ, ಇದು ನಿಜವಾಗಿ ಚೆನ್ನಾಗಿರುವ ಪ್ರಶ್ನೆ.

ಪುಸ್ತಕದ ಆದರ್ಶ ಸ್ವಿಚ್ ಆದರೆ ಇದಕ್ಕೆ ಉತ್ತರವೇ ಇಲ್ಲ. ಎರಡೂ ಸೇರಿ 9 ಆಗಬೇಕು, ಅಷ್ಟು ಮಾತ್ರ ಗೊತ್ತು. ಯಾವುದಕ್ಕೆ ಎಷ್ಟು ಪಾಲು ಅನ್ನುವುದನ್ನು ಹೇಳುವ ನಿಯಮ ಇಲ್ಲ. ನಡುವಿನ ತಂತಿಯ ತುಂಡು ಎರಡೂ ಕಡೆಯಿಂದ ಕಳಚಿಕೊಂಡು ತೇಲುತ್ತಿರುತ್ತದೆ. ನಿಜವಾದ ಸ್ವಿಚ್ ಆದರೆ ಪ್ಲಾಸ್ಟಿಕ್ಕಿನ ಮೇಲೆ ಕೂತ ಧೂಳು, ತೇವ, ಒಳಗಿನ ಸಣ್ಣ ಕೆಪಾಸಿಟೆನ್ಸ್, ಇವೆಲ್ಲ ಸೇರಿ ಪಾಲು ನಿರ್ಧಾರ ಮಾಡುತ್ತವೆ. ಒಳ್ಳೆಯ ಸ್ವಿಚ್ಚಿನ ಸೋರಿಕೆ ರೋಧ ಸಾವಿರಾರು ಮೆಗಾ ಓಮ್ ಇರುತ್ತದೆ.

ಈಗ ಒಂದರ ಮೇಲೆ 10 ಮೆಗಾ ಓಮ್ ಮೀಟರ್ ಇಟ್ಟಿರಿ. ಇನ್ನೊಂದರದು ಸಾವಿರಾರು ಮೆಗಾ ಓಮ್. ಮೀಟರಿಗೆ ಸಿಗುವ ಪಾಲು ನೂರರಲ್ಲಿ ಒಂದಕ್ಕಿಂತ ಕಡಿಮೆ. ಹಾಗಾಗಿ ಸೊನ್ನೆ. ಇನ್ನೊಂದಕ್ಕೆ ಇಟ್ಟರೂ ಅದೇ ಕತೆ.

ಸುಟ್ಟಫ್ಯೂಸ್
ರಿಪೇರಿ ಮಾಡುವವರು ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಫ್ಯೂಸ್ ಹೋಗಿದೆಯಾ ಅಂತ ಬಿಚ್ಚದೇ ನೋಡುವ ಸುಲಭ ದಾರಿ ಅದರ ಎರಡು ತುದಿಗಳ ನಡುವೆ ವೋಲ್ಟೇಜ್ ಅಳೆಯುವುದು. ಒಳ್ಳೆ ಫ್ಯೂಸ್ ಆದರೆ ಹತ್ತಿರ ಹತ್ತಿರ ಸೊನ್ನೆ. ಸುಟ್ಟಿದ್ದರೆ ಪೂರ್ತಿ ವೋಲ್ಟೇಜ್. ಆದರೆ ಮುಂದಿನ ಸ್ವಿಚ್ಚೂ ಆಫ್ ಇದ್ದರೆ ಸುಟ್ಟ ಫ್ಯೂಸಿನ ಮೇಲೂ ಸೊನ್ನೆಯೇ ಬರುತ್ತದೆ. ಸೊನ್ನೆ ನೋಡಿ ಫ್ಯೂಸ್ ಚೆನ್ನಾಗಿದೆ ಅಂದುಕೊಂಡು ಅರ್ಧ ದಿನ ಬೇರೆಲ್ಲೋ ಹುಡುಕುತ್ತಾರೆ.

ಲೋಡ್ ಸಿಕ್ಕಿಸಿ, ಸ್ವಿಚ್ ಆನ್ ಮಾಡಿ, ಆಮೇಲೆ ಅಳೆಯಿರಿ. ನಾನು ಮೀಟರಿನ ಒಂದು ಪ್ರೋಬನ್ನು ಬ್ಯಾಟರಿಯ ನೆಗೆಟಿವ್‌ಗೆ ಇಟ್ಟು, ಇನ್ನೊಂದನ್ನು ಪಾಸಿಟಿವ್‌ನಿಂದ ಹಿಡಿದು ಒಂದೊಂದೇ ಜಾಯಿಂಟ್ ದಾಟಿಸುತ್ತಾ ಹೋಗುತ್ತೇನೆ. ವೋಲ್ಟೇಜ್ ಎಲ್ಲಿ ಇದ್ದಕ್ಕಿದ್ದಂತೆ ಮಾಯವಾಯಿತೋ ಅಲ್ಲೇ ತುಂಡು.

ಪಿನ್‌ನಂಬರ್13
ಇದಕ್ಕಿಂತ ಬೀಪ್ ಸುಲಭ ಅಲ್ವಾ? ಕಂಟಿನ್ಯುಯಿಟಿಗೆ ತಿರುಗಿಸಿ ಮುಟ್ಟಿದರೆ ಆಯಿತು. ಬೀಪ್ ಅಂದರೆ ಸರಿ, ಇಲ್ಲದಿದ್ದರೆ ಓಪನ್.

ಮೈಕ್ರೋಆಂಪ್
ಬೀಪ್ ಅಂದರೆ ಸೊನ್ನೆ ಓಮ್ ಅಲ್ಲ. ಬಹಳಷ್ಟು ಮೀಟರುಗಳು 30 ಅಥವಾ 50 ಓಮ್‌ವರೆಗೂ ಕೂಗುತ್ತವೆ. ಕೈಪಿಡಿಯಲ್ಲಿ ಬರೆದಿರುತ್ತದೆ, ಯಾರೂ ಓದುವುದಿಲ್ಲ. 20 ಓಮ್ ಆಗಿಹೋದ ಕೆಟ್ಟ ಜಾಯಿಂಟ್ ಇದ್ದರೂ ಕೂಗುತ್ತದೆ. ಎಲ್‌ಇಡಿಗೆ 20 ಓಮ್ ಏನೂ ಅಲ್ಲ. 2 ಆಂಪ್ ಎಳೆಯುವ ಮೋಟಾರಿಗೆ ಅದೇ ಜಾಯಿಂಟ್ ಕೊಟ್ಟರೆ ಮೋಟಾರ್ ಕದಲುವುದೂ ಇಲ್ಲ.

ಹಾಗೇ ಬೀಪ್ ಬರದಿದ್ದರೆ ಓಪನ್ ಅಂತಲೂ ಅಲ್ಲ. 470 ಓಮ್ ರೆಸಿಸ್ಟರಿಗೆ ಬೀಪ್ ಬರುವುದಿಲ್ಲ. ಅದೇನು ಓಪನ್ನಾ?

ಪಿನ್‌ನಂಬರ್13
ಸರಿ ಸರಿ. ಬೈಯ್ಯಬೇಡಿ.

ಮೈಕ್ರೋಆಂಪ್
ಬೈದಿಲ್ಲ ಗುರು. ಬೀಪ್ ನಂಬಿ ಕೆಟ್ಟವರ ಪರವಾಗಿ ಮಾತಾಡಿದೆ.

ದೀಪದಮಲ್ಲಿ
ನನಗೂ ಒಂದು ಅನುಮಾನ. 12 ವೋಲ್ಟ್ 21 ವ್ಯಾಟ್ ಫಿಲಮೆಂಟ್ ಬಲ್ಬ್. 12ರ ವರ್ಗ 144, ಅದನ್ನು 21ರಿಂದ ಭಾಗಿಸಿದರೆ ಸುಮಾರು 7 ಓಮ್ ಬರಬೇಕು. ಮೀಟರಿನಲ್ಲಿ 1 ಓಮ್ ಕೂಡ ಇಲ್ಲ. ಶಾರ್ಟ್ ಆಗಿದೆ ಅಂತ ಎಸೆಯಲಾ?

ಓಮ್‌ಕಾರ
ಎಸೆಯಬೇಡಿ, ಬಲ್ಬ್ ಚೆನ್ನಾಗಿದೆ. ನೀವು ತಣ್ಣಗಿನ ಬಲ್ಬ್ ಅಳೆಯುತ್ತಿದ್ದೀರಿ. ಟಂಗ್‌ಸ್ಟನ್ ಬಿಸಿಯಾದರೆ ರೋಧ ಹತ್ತು ಪಟ್ಟು, ಅದಕ್ಕಿಂತಲೂ ಜಾಸ್ತಿ ಏರುತ್ತದೆ. 7 ಓಮ್ ಅನ್ನುವುದು ಉರಿಯುವಾಗಿನ ಲೆಕ್ಕ. ಸ್ವಿಚ್ ಹಾಕಿದ ಕ್ಷಣದಲ್ಲಿ ಅದು 1 ಓಮಿಗಿಂತ ಕಡಿಮೆಯೇ ಇರುತ್ತದೆ, ಹಾಗಾಗಿ ಮೊದಲ ಕ್ಷಣ ಕರೆಂಟ್ ನುಗ್ಗುತ್ತದೆ. ಹಳೇ ಬಲ್ಬುಗಳು ಉರಿಯುತ್ತಿರುವಾಗ ಹೋಗುವುದಕ್ಕಿಂತ ಸ್ವಿಚ್ ಹಾಕುವಾಗಲೇ ಜಾಸ್ತಿ ಹೋಗುವುದು ಇದಕ್ಕೇ.

ಇಷ್ಟು ಸಣ್ಣ ರೋಧ ಅಳೆಯುವಾಗ ಪ್ರೋಬ್ ತಂತಿಯದ್ದನ್ನೂ ಕಳೆಯಬೇಕು. ಎರಡು ಪ್ರೋಬ್ ಒಂದಕ್ಕೊಂದು ಮುಟ್ಟಿಸಿ ನೋಡಿ. 0.2 ಅಥವಾ 0.3 ಬರುತ್ತದೆ. ಅದನ್ನು ಕಳೆದು ಉಳಿದದ್ದು ಬಲ್ಬಿನದ್ದು.

ಹಳೇಬ್ಯಾಟರಿ
ವಿಷಯ ಬಲ್ಬಿಗೆ ಹೋಯಿತು, ನಾನು ಬ್ಯಾಟರಿಗೆ ಎಳೆಯುತ್ತೇನೆ. ಗಡಿಯಾರದಿಂದ ತೆಗೆದ 1.5 ವೋಲ್ಟ್ ಸೆಲ್, ಬರೀ ಅಳೆದರೆ 1.3 ತೋರಿಸುತ್ತದೆ. ಟಾರ್ಚಿಗೆ ಹಾಕಿದರೆ ಉರಿಯುವುದೇ ಇಲ್ಲ. ಇದೂ ಓಪನ್ ಸರ್ಕ್ಯೂಟ್ ಕತೆಯಾ?

ರಿಲೇರಾಣಿ
ಅದೇ ಕತೆ. ಕರೆಂಟ್ ಎಳೆಯದೆ ಅಳೆದರೆ ಸೆಲ್ಲಿನ ಒಳಗಿನ ರೋಧ ಕಾಣುವುದಿಲ್ಲ. ಕರೆಂಟೇ ಇಲ್ಲದ ಮೇಲೆ ಅದರ ಮೇಲೆ ಏನು ಬೀಳುತ್ತದೆ? ಟಾರ್ಚ್ ಸಿಕ್ಕಿಸಿ, ಉರಿಯಲು ಬಿಟ್ಟು, ಹಾಗೇ ಅಳೆಯಿರಿ. 1.3 ಇದ್ದದ್ದು 0.7ಕ್ಕೆ ಕುಸಿಯಬಹುದು. ಉಳಿದದ್ದೆಲ್ಲ ಸೆಲ್ಲಿನ ಹೊಟ್ಟೆಯೊಳಗೇ ಖರ್ಚಾಗುತ್ತಿದೆ. ಗಡಿಯಾರ ಎಳೆಯುವುದು ತೀರಾ ಕಡಿಮೆ, ಅದಕ್ಕೇ ಅಲ್ಲಿ ಇಷ್ಟು ದಿನ ಓಡಿತು.

ಲೆಕ್ಕದಮೇಷ್ಟ್ರು
ಓಮ್ ಅವರಿಗೂ ಇದೇ ತಲೆನೋವು ಇತ್ತು. ಆಗಿನ ರಾಸಾಯನಿಕ ಬ್ಯಾಟರಿಗಳ ವೋಲ್ಟೇಜ್ ಅಳೆಯುತ್ತಿರುವಾಗಲೇ ಇಳಿಯುತ್ತಿತ್ತು. ಕೊನೆಗೆ ಅವರು ಬ್ಯಾಟರಿಯನ್ನೇ ಬಿಟ್ಟು ಬಿಸ್ಮತ್ ಮತ್ತು ತಾಮ್ರದ ಜೋಡಿ ಹಿಡಿದರು. ಒಂದು ಸಂಧಿ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ಬಿಸಿ ತಣ್ಣನೆಯ ವ್ಯತ್ಯಾಸ ಬದಲಾಗದಿದ್ದರೆ ವೋಲ್ಟೇಜೂ ಬದಲಾಗುವುದಿಲ್ಲ. ಅಳತೆ ಸ್ಥಿರವಾಯಿತು. ಪೂರ್ತಿ ಸಿದ್ಧಾಂತ ಅಚ್ಚಾಗಿದ್ದು 1827ರಲ್ಲಿ.

ಸುಮ್ನೆಓದುಗ
ಇಷ್ಟೆಲ್ಲ ಕಷ್ಟಪಟ್ಟು ಕಂಡುಹಿಡಿದ ನಿಯಮವನ್ನು ಮೇಷ್ಟ್ರು ಮೇಲೆ ಒಂದೇ ಪೋಸ್ಟಿನಲ್ಲಿ ಉತ್ತರ ಇಲ್ಲ ಅಂತ ಕಳಿಸಿಬಿಟ್ಟರು.

ಲೆಕ್ಕದಮೇಷ್ಟ್ರು
ನಿಯಮಕ್ಕೆ ಅದರ ಮಿತಿ ಹೇಳುವುದು ಅವಮಾನ ಅಲ್ಲ ಮಾರಾಯ್ರೇ. ಎಲ್‌ಇಡಿಯೂ ಅದನ್ನು ಪಾಲಿಸುವುದಿಲ್ಲ.

ನೆಮ್ಮದಿ
ಒಟ್ಟಿನಲ್ಲಿ ಒಂದು ಮಾತು ಒಪ್ಪಬಹುದು. ಓಪನ್ ಅಂದರೆ ಸೇಫ್. ಶಾರ್ಟ್ ಆದರೆ ಬೆಂಕಿ, ಓಪನ್ ಆದರೆ ಏನೂ ಆಗುವುದಿಲ್ಲ. ತಪ್ಪುವುದಾದರೆ ಓಪನ್ ಕಡೆಗೇ ತಪ್ಪಬೇಕು.

ಸುಟ್ಟಫ್ಯೂಸ್
ಈ ಮಾತನ್ನು ಒಪ್ಪುವುದಿಲ್ಲ. ಇದು ಅಪಾಯದ ಮಾತು.

ಮನೆಯ ವೈರಿಂಗಿನಲ್ಲಿ ನ್ಯೂಟ್ರಲ್ ತುಂಡಾಗಿದೆ ಅಂದುಕೊಳ್ಳಿ. ಸ್ವಿಚ್ ಆನ್ ಇದೆ, ದೀಪ ಉರಿಯುತ್ತಿಲ್ಲ. ಕರೆಂಟ್ ಇಲ್ಲ ಅಂತ ತುಂಡಾದ ನ್ಯೂಟ್ರಲ್ ತುದಿ ಮುಟ್ಟುತ್ತೀರಿ. ಕರೆಂಟ್ ಹರಿಯದಿದ್ದರೆ ದೀಪದ ಮೇಲೆ ವೋಲ್ಟೇಜ್ ಬೀಳುವುದಿಲ್ಲ, ಅದನ್ನು ಮೇಲೆಯೇ ಹೇಳಿದರಲ್ಲ? ಹಾಗಾದರೆ ಫೇಸಿನ ಪೂರ್ತಿ ವೋಲ್ಟೇಜ್ ದೀಪ ದಾಟಿ ಆ ನ್ಯೂಟ್ರಲ್ ತುದಿಗೆ ಬಂದು ಕೂತಿರುತ್ತದೆ. ನೀವು ಮುಟ್ಟಿದ ಕ್ಷಣ ಆ ಖಾಲಿ ಜಾಗವನ್ನು ತುಂಬುವ ರೆಸಿಸ್ಟರ್ ನೀವೇ. ಹೊಸಬೆಸುಗೆ ಅವರ 7.7 ವೋಲ್ಟಿನ ಪ್ರಶ್ನೆ ಇದೇ. ಅಂಕಿ ಮಾತ್ರ ಬೇರೆ.

ಮೇನ್ ಆಫ್ ಮಾಡಿ. ಆಮೇಲೂ ಗೊತ್ತಿರುವ ಮೀಟರಿನಿಂದ ನೋಡಿ. ಆಮೇಲೆ ಕೈ ಹಾಕಿ. ಈ ಕೆಲಸ ನಿಮಗೆ ಬರದಿದ್ದರೆ ಎಲೆಕ್ಟ್ರಿಷಿಯನ್ ಕರೆಯಿರಿ.

ರಿಲೇರಾಣಿ
ಇದಕ್ಕೆ ನನ್ನದೂ ಎರಡು ಸೇರಿಸುತ್ತೇನೆ.

ರಿಲೇ ಕಾಯಿಲ್ ನೋಡಿ. ರಿಲೇ ಅಂದರೆ ಕರೆಂಟಿನಿಂದ ಆನ್ ಆಫ್ ಆಗುವ ಸ್ವಿಚ್, ಅದನ್ನು ಎಳೆಯುವ ತಂತಿಯ ಸುರುಳಿಯೇ ಕಾಯಿಲ್. 12 ವೋಲ್ಟಿನಲ್ಲಿ ಓಡುತ್ತಿರುತ್ತದೆ. ಸ್ವಿಚ್ ತೆಗೆದ ಕ್ಷಣ ಕಾಯಿಲ್ ತನ್ನ ಕರೆಂಟನ್ನು ಬಿಡಲು ಒಪ್ಪುವುದಿಲ್ಲ. ಅದು ಹರಿಯಲೇಬೇಕು ಅಂತ ಹಟ ಹಿಡಿದು ವೋಲ್ಟೇಜ್ ಏರಿಸುತ್ತದೆ. ನೂರಾರು ವೋಲ್ಟ್ ಆಗುತ್ತದೆ. ಸ್ವಿಚ್ಚಿನ ತುದಿಯಲ್ಲಿ ಕಿಡಿ ಹಾರುತ್ತದೆ, ಟ್ರಾನ್ಸಿಸ್ಟರ್ ಇದ್ದರೆ ಸಾಯುತ್ತದೆ. ಕಾಯಿಲಿಗೆ ಅಡ್ಡಲಾಗಿ ಒಂದು ಡಯೋಡ್ ಉಲ್ಟಾ ಹಾಕುವುದು ಅದಕ್ಕೇ. ಕರೆಂಟಿಗೆ ಸುತ್ತಲು ದಾರಿ ಕೊಟ್ಟರೆ ಅದು ತಣ್ಣಗೆ ಇಳಿಯುತ್ತದೆ.

ಎರಡನೆಯದು ಕರೆಂಟ್ ಟ್ರಾನ್ಸ್‌ಫಾರ್ಮರ್. ದೊಡ್ಡ ಪ್ಯಾನೆಲ್‌ಗಳಲ್ಲಿ ಮೀಟರಿಗೆ ಕರೆಂಟ್ ಇಳಿಸಿ ಕೊಡುವ ಬಳೆ. ಮೇನ್ ಓಡುತ್ತಿರುವಾಗ ಅದರ ಸೆಕೆಂಡರಿಯನ್ನು ಓಪನ್ ಬಿಡಲೇಬಾರದು. ಬಿಟ್ಟರೆ ಅಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಏಳುತ್ತದೆ. ಮೀಟರ್ ಬಿಚ್ಚುವ ಮೊದಲು ಅದನ್ನು ಶಾರ್ಟ್ ಮಾಡುವುದು ನಿಯಮ. ಶಾರ್ಟ್ ಸೇಫ್, ಓಪನ್ ಅಪಾಯ. ನಿಮ್ಮ ಸೂತ್ರ ಇಲ್ಲಿ ಪೂರ್ತಿ ತಿರುಗಿತು ನೋಡಿ.

ನೆಮ್ಮದಿ
ನಾನು ಬ್ಯಾಟರಿ, ಎಲ್‌ಇಡಿ ಮಟ್ಟದಲ್ಲಿ ಹೇಳಿದ್ದು. ಅಲ್ಲಿ ನನ್ನ ಮಾತು ಸರಿಯೇ.

ರಿಲೇರಾಣಿ
ಅಲ್ಲಿ ಸರಿ. ಹೊಸಬರು ಇವತ್ತು ಎಲ್‌ಇಡಿ, ನಾಳೆ ರಿಲೇ. ಅದಕ್ಕೇ ಹೇಳಿದೆ.

ಗಾಳಿಮಾತು
ಕಿಡಿ ಹಾರುತ್ತದೆ ಅಂದರೆ ಗಾಳಿಯಲ್ಲೂ ಕರೆಂಟ್ ಹರಿಯಿತು ಅಂತ ಅಲ್ವಾ? ಹಾಗಾದರೆ ಅನಂತ ರೋಧ ಅನ್ನುವುದೇ ಸುಳ್ಳು.

ಮೈಕ್ರೋಆಂಪ್
ಪುಸ್ತಕದ ಹೊರಗೆ ಅದು ಎಲ್ಲೂ ಇಲ್ಲ. ಒಣ ಗಾಳಿ ಮಿಲಿಮೀಟರಿಗೆ ಸುಮಾರು 3,000 ವೋಲ್ಟ್ ತಡೆಯುತ್ತದೆ, ಅದರ ಮೇಲೆ ಬಿಟ್ಟುಕೊಡುತ್ತದೆ. ಓಎಲ್ ಅಂದರೂ ಅನಂತ ಅಲ್ಲ. ನಿಮ್ಮ ಮೀಟರಿನ ಗರಿಷ್ಠ 40 ಮೆಗಾ ಓಮ್ ಆದರೆ 41 ಕೂಡ ಅದಕ್ಕೆ ಓಎಲ್. ಮೋಟಾರಿನ ಇನ್ಸುಲೇಷನ್ ನೋಡಲು 500 ಅಥವಾ 1,000 ವೋಲ್ಟ್ ಹಾಕುವ ಬೇರೆ ಉಪಕರಣವನ್ನೇ ತರುತ್ತಾರೆ, ಮೆಗ್ಗರ್ ಅಂತ. ಸಾದಾ ಮೀಟರಿನಲ್ಲಿ ಓಎಲ್ ತೋರಿಸಿದ ವೈಂಡಿಂಗ್ ಅದರಲ್ಲಿ ಬಿದ್ದುಹೋಗುವುದುಂಟು.

ಪಕ್ಕದತಂತಿ
ನಮ್ಮ ಮನೆಯಲ್ಲಿ ಎರಡೂ ಕಡೆ ಬಿಚ್ಚಿಟ್ಟ ಒಂದು ತಂತಿ ಇದೆ. ಯಾವುದಕ್ಕೂ ಸಿಕ್ಕಿಸಿಲ್ಲ. ಡಿಜಿಟಲ್ ಮೀಟರಿನಲ್ಲಿ 80 ವೋಲ್ಟ್ ಎಸಿ ತೋರಿಸುತ್ತದೆ. ಓಪನ್ ತಂತಿಯಲ್ಲಿ ಇದು ಎಲ್ಲಿಂದ?

ಓಮ್‌ಕಾರ
ಪಕ್ಕದಲ್ಲೇ ಫೇಸ್ ತಂತಿ ಓಡುತ್ತಿರಬೇಕು. ಎರಡು ತಂತಿ ಉದ್ದಕ್ಕೂ ಜೊತೆಗೆ ಹೋದರೆ ನಡುವೆ ಕೆಪಾಸಿಟರ್ ಆಗುತ್ತದೆ, ಎಸಿ ಅದರ ಮೂಲಕ ಒಂದಿಷ್ಟು ದಾಟುತ್ತದೆ. 10 ಮೆಗಾ ಓಮ್ ಮೀಟರ್ ಇಷ್ಟು ಸಣ್ಣದನ್ನೂ ಹಿಡಿದು ತೋರಿಸುತ್ತದೆ. ಕೆಲವು ಮೀಟರುಗಳಲ್ಲಿ ಕಡಿಮೆ ರೋಧದಲ್ಲಿ ಅಳೆಯುವ ಆಯ್ಕೆ ಇರುತ್ತದೆ. ಅದರಲ್ಲಿ ನೋಡಿದರೆ 80 ಕುಸಿದುಹೋಗುತ್ತದೆ. ಕುಸಿಯದಿದ್ದರೆ ಅದು ಹುಸಿ ವೋಲ್ಟೇಜ್ ಅಲ್ಲ, ಎಲ್ಲೋ ನಿಜವಾಗಿ ಸಂಪರ್ಕ ಇದೆ ಅಂತ ತಿಳಿಯಿರಿ. ಪರೀಕ್ಷೆ ಮಾಡದೆ ಹುಸಿ ಅಂತ ಮುಟ್ಟಬೇಡಿ.

ನಿರ್ವಾಹಕ
ಮನೆ ವೈರಿಂಗ್ ಪ್ರಶ್ನೆಗಳಿಗೆ ಬೇರೆ ವಿಭಾಗ ಇದೆ. ಇಲ್ಲಿ ಬ್ಯಾಟರಿ ಮಟ್ಟದಲ್ಲೇ ಇರೋಣ. ಸುಟ್ಟಫ್ಯೂಸ್ ಅವರ ಸುರಕ್ಷತೆಯ ಪೋಸ್ಟ್ ಮಾತ್ರ ಹಾಗೇ ಇರಲಿ.

ಹೊಸಬೆಸುಗೆ
ಪರೀಕ್ಷೆ ಮಾಡಿದೆ! 1 ಕಿಲೋ ಹಾಕಿದಾಗ 9.2. 1 ಮೆಗಾ ಹಾಕಿದಾಗ 8.3. ಮೈಕ್ರೋಆಂಪ್ ಅವರು 8.4 ಅಂದಿದ್ದರು.

ಆದರೆ ಹೊಸದೊಂದು ಕಂಡಿತು. ಎಲ್‌ಇಡಿಯನ್ನು ಪೂರ್ತಿ ಕಿತ್ತು, ಯಾವುದಕ್ಕೂ ಸೇರಿಸದೆ, ಸುಮ್ನೆ ಅದರ ಎರಡು ಕಾಲಿಗೆ ಮೀಟರ್ ಇಟ್ಟರೆ 0.4 ವೋಲ್ಟ್ ಬರುತ್ತಿದೆ. ಕೈ ಅಡ್ಡ ಹಿಡಿದರೆ ಇಳಿಯುತ್ತದೆ. ಬ್ಯಾಟರಿಯೇ ಇಲ್ಲವಲ್ಲ?

ಮೈಕ್ರೋಆಂಪ್
8.3 ಬಂದಿದ್ದಕ್ಕೆ ಆಶ್ಚರ್ಯ ಇಲ್ಲ. ರೆಸಿಸ್ಟರ್ ನೂರಕ್ಕೆ 5 ಹೆಚ್ಚುಕಡಿಮೆ ಇರಬಹುದು, ಮೀಟರಿನ 10 ಮೆಗಾ ಕೂಡ ಸರಿಯಾಗಿ 10 ಇರಲಿಕ್ಕಿಲ್ಲ.

ಎಲ್‌ಇಡಿ ಬೆಳಕು ಬಿದ್ದರೆ ವೋಲ್ಟೇಜ್ ಹುಟ್ಟಿಸುತ್ತದೆ, ಪುಟ್ಟ ಸೋಲಾರ್ ಸೆಲ್ ತರಹ. ಕೆಂಪು ಎಲ್‌ಇಡಿಯನ್ನು ಬಿಸಿಲಿಗೆ ಹಿಡಿಯಿರಿ, 1 ವೋಲ್ಟ್ ದಾಟಬಹುದು. ಅದರಿಂದ ಏನಾದರೂ ಓಡಿಸಲು ಹೋಗಬೇಡಿ, ಕರೆಂಟ್ ಏನೂ ಇಲ್ಲ. ಒಂದು ರೆಸಿಸ್ಟರ್ ಅಡ್ಡ ಹಾಕಿದರೆ ಮಾಯವಾಗುತ್ತದೆ.

ಪಿನ್‌ನಂಬರ್13
ನನ್ನ ಸಮಸ್ಯೆಯೂ ಓಪನ್ನಿಗೆ ಸೇರಿದ್ದೇ ಅಂತ ಈಗ ಅನುಮಾನ. ಮೈಕ್ರೋಕಂಟ್ರೋಲರಿನ ಪಿನ್‌ಗೆ ಒಂದು ಬಟನ್, ಬಟನ್ನಿನ ಇನ್ನೊಂದು ಕಾಲು ಗ್ರೌಂಡಿಗೆ. ಒತ್ತಿದರೆ 0 ಓದುತ್ತದೆ. ಒತ್ತದಿದ್ದರೆ ಒಮ್ಮೆ 1, ಒಮ್ಮೆ 0. ಬೋರ್ಡ್ ಹತ್ತಿರ ಕೈ ತಂದರೂ ಬದಲಾಗುತ್ತದೆ. ಪ್ರೋಗ್ರಾಂ ಹತ್ತು ಸಲ ತಿದ್ದಿದೆ.

ಸುಮ್ನೆಓದುಗ
ನಾವು ಪ್ರೋಗ್ರಾಂ ಬರೆಯುವವರು ಮೊದಲು ತಿದ್ದುವುದು ಸರಿಯಿರುವುದನ್ನೇ.

ಓಮ್‌ಕಾರ
ಪ್ರೋಗ್ರಾಂ ತಪ್ಪಿಲ್ಲ. ಬಟನ್ ಒತ್ತದಿದ್ದಾಗ ಆ ಪಿನ್ ಕುತೂಹಲಿ2 ಅವರ ಎರಡು ಸ್ವಿಚ್ಚಿನ ನಡುವಿನ ತಂತಿಯ ಹಾಗೆ ತೇಲುತ್ತಿದೆ. ಪಿನ್ನಿನ ಒಳಗಿನ ರೋಧ ನಿಮ್ಮ ಮೀಟರಿಗಿಂತಲೂ ದೊಡ್ಡದು, ಹಾಗಾಗಿ ನಿಮ್ಮ ಕೈಯಿಂದ ಬರುವ ಎಸಿ ಕೂಡ ಅದನ್ನು ಅಲ್ಲಾಡಿಸುತ್ತದೆ. ಸಂಪರ್ಕ ಇಲ್ಲ ಅಂದರೆ 0 ಅಂತ ಯಾರೂ ಅದಕ್ಕೆ ಹೇಳಿಲ್ಲ.

ಪಿನ್ನಿನಿಂದ 5 ವೋಲ್ಟಿಗೆ ಒಂದು 10 ಕಿಲೋ ಓಮ್ ಹಾಕಿ, ಇದಕ್ಕೆ ಪುಲ್‌ಅಪ್ ಅನ್ನುತ್ತಾರೆ. ಒತ್ತದಿದ್ದಾಗ ಪಿನ್ ಕರೆಂಟ್ ಎಳೆಯುವುದಿಲ್ಲ, ಹಾಗಾಗಿ ರೆಸಿಸ್ಟರಿನ ಮೇಲೆ ಏನೂ ಬೀಳುವುದಿಲ್ಲ, ಪಿನ್ 5 ವೋಲ್ಟಿನಲ್ಲೇ ನಿಲ್ಲುತ್ತದೆ. ಒತ್ತಿದಾಗ ಅರ್ಧ ಮಿಲಿಆಂಪ್ ಹರಿದು ಪಿನ್ ಸೊನ್ನೆಗೆ ಬರುತ್ತದೆ.

ಪಿನ್‌ನಂಬರ್13
ರೆಸಿಸ್ಟರ್ ಹಾಕಲೇಬೇಕಾ? ನೇರ ತಂತಿ ಹಾಕಿದರೆ?

ಸುಟ್ಟಫ್ಯೂಸ್
ಬಟನ್ ಒತ್ತಿದಾಗ 5 ವೋಲ್ಟಿಗೂ ಗ್ರೌಂಡಿಗೂ ನೇರ ಶಾರ್ಟ್. ನನ್ನ ಹೆಸರು ನೋಡಿ.

ಓಮ್‌ಕಾರ
ರೆಸಿಸ್ಟರ್ ಸಿಗದಿದ್ದರೆ ಚಿಪ್ಪಿನ ಒಳಗೇ ಪುಲ್‌ಅಪ್ ಇದೆಯಾ ನೋಡಿ. ಬಹಳಷ್ಟರಲ್ಲಿ 20ರಿಂದ 50 ಕಿಲೋ ಓಮ್‌ನದ್ದು ಇರುತ್ತದೆ, ಪ್ರೋಗ್ರಾಂನಲ್ಲಿ ಒಂದು ಸಾಲು ಬರೆದು ಆನ್ ಮಾಡಬಹುದು. ಬಟನ್ ತಂತಿ ಉದ್ದ ಇದ್ದರೆ ಮಾತ್ರ ಹೊರಗಿನ 10 ಕಿಲೋ ಒಳ್ಳೆಯದು.

ಪಿನ್‌ನಂಬರ್13
ಆ ಒಂದು ಸಾಲು ಹಾಕಿದೆ. ಈಗ ಕುಣಿಯುತ್ತಿಲ್ಲ. ಆದರೆ ಒಮ್ಮೆ ಒತ್ತಿದರೆ ಮೂರು ಸಲ ಒತ್ತಿದ ಹಾಗೆ ಎಣಿಸುತ್ತಿದೆ.

ರಿಲೇರಾಣಿ
ಅದು ಬಟನ್ನಿನ ಒಳಗಿನ ಲೋಹ ಪುಟಿಯುವುದು. ಕೆಲವು ಮಿಲಿಸೆಕೆಂಡ್ ಓಪನ್, ಶಾರ್ಟ್, ಓಪನ್ ಅಂತ ಆಡಿ ಆಮೇಲೆ ನಿಲ್ಲುತ್ತದೆ. ಮೊದಲ ಬದಲಾವಣೆ ಕಂಡಮೇಲೆ 20 ಮಿಲಿಸೆಕೆಂಡ್ ಬಿಟ್ಟು ಮತ್ತೆ ಓದಿ. ಉಳಿದದ್ದಕ್ಕೆ ಹೊಸ ಚರ್ಚೆ ಶುರು ಮಾಡಿ, ನಿರ್ವಾಹಕರು ಆಗಲೇ ಒಮ್ಮೆ ಬಂದು ಹೋಗಿದ್ದಾರೆ.